ಹಳೆಯ ಜೀಪಿನ ಕಾರ್ಖಾನೆ ಬಣ್ಣವನ್ನು ಕೆಡಿಸದೆ ಹೊರತೆಗೆಯುವ ಕ್ರಮ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಶೆಡ್ಡುಗಳಲ್ಲಿ ಉಳಿದಿರುವ ಹಳೆಯ ವಿಲ್ಲೀಸ್ ಮತ್ತು ಮಹೀಂದ್ರ ಜೀಪುಗಳ ಮೈಮೇಲೆ ಸಾಮಾನ್ಯವಾಗಿ ನಾಲ್ಕೈದು ಬಣ್ಣದ ಪದರಗಳಿರುತ್ತವೆ. ಎಲ್ಲಕ್ಕಿಂತ ಕೆಳಗೆ, ಅಲ್ಲಲ್ಲಿ ಹರಿದು ಹೋಗಿದ್ದರೂ, ಕಾರ್ಖಾನೆಯಲ್ಲಿ ಹೊಡೆದ ಮೊದಲ ಬಣ್ಣ ಇನ್ನೂ ಇರುವ ಸಾಧ್ಯತೆ ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಅದನ್ನು ಹೊರತರಲು ಹೊರಟವರು ಪದೇ ಪದೇ ಎಡವುವುದು ಕೈಚಳಕದ ಕೊರತೆಯಿಂದಲ್ಲ, ಕ್ರಮ ತಪ್ಪುವುದರಿಂದ: ಮೊದಲು ಉಜ್ಜುತ್ತಾರೆ, ಆಮೇಲೆ ಏನಿತ್ತೆಂದು ಹುಡುಕುತ್ತಾರೆ. ಕಾರ್ಖಾನೆಯ ಬಣ್ಣ ಒಮ್ಮೆ ಸವೆದು ಹೋದರೆ ಮತ್ತೆ ಬರುವುದಿಲ್ಲವಾದ್ದರಿಂದ ಈ ಕೆಲಸದ ಅರ್ಧಕ್ಕಿಂತ ಹೆಚ್ಚಿನ ಭಾಗ ಓದುವುದು ಮತ್ತು ಪರೀಕ್ಷಿಸುವುದೇ ಆಗಿರಬೇಕು.

ಇಲ್ಲಿ ಮುಖ್ಯವಾಗಿ 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಜೀಪುಗಳನ್ನೂ, ನಂತರದ, ನಾಗರಿಕ ಬಳಕೆಯ ಸಿಜೆ-3ಬಿ ಮಾದರಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಲ್ಯಾಂಡ್ ರೋವರ್‌ನ ವಿಷಯದಲ್ಲಿ ಕ್ರಮ ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಅದನ್ನು ಹೇಳುತ್ತೇನೆ.

ಹಂತ 1: ಕೈ ಹಚ್ಚುವ ಮೊದಲು ಕಾಗದಪತ್ರ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನವನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ. ಯುದ್ಧಕಾಲದ ಅಮೆರಿಕನ್ ಜೀಪಿನ ಮೂಲ ಬಣ್ಣ ಆಲಿವ್ ಡ್ರ್ಯಾಬ್. ಅದಕ್ಕೂ ನಮ್ಮ ಸೇನೆಯ ಹಸಿರಿಗೂ ವ್ಯತ್ಯಾಸವಿದೆಯೆಂಬುದು ನಿಮಗೆ ಗೊತ್ತಿದ್ದರೂ ರಸ್ತೆಯಲ್ಲಿ ತಡೆದು ನಿಲ್ಲಿಸಿದ ಅಧಿಕಾರಿಗೆ ಅದನ್ನು ಮನವರಿಕೆ ಮಾಡಿಕೊಡುವುದು ಸುಲಭವಲ್ಲ. ಆದ್ದರಿಂದ ದೊಡ್ಡ ಭಾಗವನ್ನು ತೆರೆಯುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಆರ್‌ಸಿಯಲ್ಲಿ ನಮೂದಾದ ಬಣ್ಣಕ್ಕೂ ವಾಹನದ ಮೈಬಣ್ಣಕ್ಕೂ ತಾಳೆ ಇರಬೇಕೆಂಬುದನ್ನೂ ಮರೆಯಬೇಡಿ.

2021ರಲ್ಲಿ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಮತ್ತು ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ತೋಟದಿಂದ ಪಲ್ಪಿಂಗ್ ಮನೆಗೆ ಹಣ್ಣು ಸಾಗಿಸುವ ಜೀಪಿಗೆ ಈ ದಾರಿ ಹೊಂದುವುದಿಲ್ಲ.

ಹಂತ 2: ಸಲಕರಣೆ ಮತ್ತು ಸುರಕ್ಷತೆ

ಬೇಕಾದ ವಸ್ತುಗಳು ದುಬಾರಿಯವಲ್ಲ. 600, 800, 1000, 1500 ಮತ್ತು 2000 ನಂಬರಿನ ವಾಟರ್ ಪೇಪರ್, ಗಟ್ಟಿ ರಬ್ಬರ್ ಬ್ಲಾಕ್, ಒಂದು ಬದಿಯ ಹರಿತವಿರುವ ರೇಜರ್ ಬ್ಲೇಡ್ ಮತ್ತು ಅದರ ಹಿಡಿ, ಮಾಸ್ಕಿಂಗ್ ಟೇಪ್, ಹತ್ತಿ ಸುತ್ತಿದ ಕಿವಿಕಡ್ಡಿ, ಬಿಳಿ ಹತ್ತಿಬಟ್ಟೆ, ಟರ್ಪೆಂಟೈನ್, ಐಸೊಪ್ರೊಪೈಲ್ ಆಲ್ಕೊಹಾಲ್, ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣದ) ಥಿನ್ನರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಸಾಧ್ಯವಾದರೆ ಬಣ್ಣದ ದಪ್ಪ ಅಳೆಯುವ ಮೀಟರನ್ನು ಎರವಲು ತನ್ನಿ. ತಗಡಿನ ಬಾಡಿಯಲ್ಲಿ ಪುಟ್ಟಿ ಎಲ್ಲಿದೆಯೆಂದು ತಿಳಿಯಲು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೂ ಸಾಕು. ಲ್ಯಾಂಡ್ ರೋವರ್‌ನ ಹೊರಮೈ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದಾದ್ದರಿಂದ ಅಲ್ಲಿ ಅಯಸ್ಕಾಂತ ನಡೆಯುವುದಿಲ್ಲ. ಅಲ್ಯೂಮಿನಿಯಂ ಮೇಲೂ ಅಳೆಯಬಲ್ಲ ಮೀಟರೇ ಬೇಕು.

ಗ್ರೈಂಡರಿಗೆ ತೊಡಿಸುವ ವೈರ್ ಬ್ರಷ್, ಪೇಂಟ್ ರಿಮೂವರ್, ಕಾಸ್ಟಿಕ್ ಸೋಡಾ ಮತ್ತು ಹೀಟ್ ಗನ್ ಈ ನಾಲ್ಕನ್ನು ಶೆಡ್ಡಿನಿಂದ ಹೊರಗಿಡಿ. ಮೊದಲ ಎರಡಕ್ಕೆ ಪದರಗಳ ಭೇದ ತಿಳಿಯುವುದಿಲ್ಲ. ಕಾಸ್ಟಿಕ್ ಸೋಡಾ ಹಳೆಯ ಎನಾಮೆಲನ್ನು ಸಾಬೂನಿನಂತೆ ಮಾಡುತ್ತದೆ, ಅಲ್ಯೂಮಿನಿಯಂ ಅನ್ನಂತೂ ತಿಂದೇಬಿಡುತ್ತದೆ. ಹೀಟ್ ಗನ್ ಸೀಸದ ಹೊಗೆ ಎಬ್ಬಿಸುತ್ತದೆ. ಅದೂ ಅಲ್ಲದೆ ಎಂಬಿ ಜೀಪಿನ ಪೆಟ್ರೋಲ್ ಟ್ಯಾಂಕ್ ಚಾಲಕನ ಸೀಟಿನ ಕೆಳಗೇ ಇದೆ.

ಹಳೆಯ ಹಸಿರು ಮತ್ತು ಹಳದಿ ಬಣ್ಣಗಳಲ್ಲಿ ಸೀಸ ಹಾಗೂ ಕ್ರೋಮೇಟ್ ಇದೆಯೆಂದೇ ಭಾವಿಸಿ ಕೆಲಸ ಮಾಡಬೇಕು. ಒಣ ಉಜ್ಜುವಿಕೆ ಎಂದೂ ಬೇಡ. ಉಜ್ಜುವಾಗ ಧೂಳಿನ ಮಾಸ್ಕ್, ಥಿನ್ನರ್ ಬಳಸುವಾಗ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸಿ. ಉಜ್ಜಿದ ರಾಡಿಯನ್ನು ಅಂಗಳಕ್ಕೆ ಹರಿಯಬಿಡದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಮಕ್ಕಳೂ ನಾಯಿಗಳೂ ಮುಟ್ಟದಂತೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ.

ಹಂತ 3: ತೊಳೆಯುವುದು

ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಬೇಡ. ಸಡಿಲವಾಗಿರುವ ಮೂಲ ಬಣ್ಣದ ಹಕ್ಕಳೆಗಳು ಮೊದಲ ಐದು ನಿಮಿಷದಲ್ಲೇ ಹಾರಿಹೋಗುತ್ತವೆ. ಸೌಮ್ಯ ಶಾಂಪೂ ನೀರು, ಮೆತ್ತನೆಯ ಬ್ರಷ್, ಜಿಡ್ಡಿರುವ ಕಡೆ ಟರ್ಪೆಂಟೈನ್ ತೊಯ್ದ ಬಟ್ಟೆ ಸಾಕು. ಮಳೆಗಾಲಕ್ಕೆ ಮುನ್ನ ಡೀಸೆಲ್ಲಿಗೆ ಹಳೆಯ ಎಂಜಿನ್ ಆಯಿಲ್ ಬೆರೆಸಿ ಅಡಿಭಾಗಕ್ಕೆ ಹೊಡೆಯುವ ಅಭ್ಯಾಸ ಮಲೆನಾಡಿನಲ್ಲಿ ಇದೆ. ಆ ಕರಿಪದರ ನಿಮ್ಮ ಪುಣ್ಯಕ್ಕೆ ಬಣ್ಣವನ್ನು ಕಾಪಾಡಿರುತ್ತದೆ, ಅದನ್ನು ಮೂರು ನಾಲ್ಕು ಸುತ್ತಿನಲ್ಲಿ ನಿಧಾನವಾಗಿ ಕರಗಿಸಿ ತೆಗೆಯಿರಿ.

ಹಂತ 4: ಬಚ್ಚಿಟ್ಟ ಜಾಗಗಳಲ್ಲಿ ಮೂಲ ಬಣ್ಣವನ್ನು ಹುಡುಕುವುದು

ಊರಿನ ಪೇಂಟರ್ ಎಷ್ಟೇ ಶ್ರದ್ಧೆಯವನಾಗಿದ್ದರೂ ಎಲ್ಲವನ್ನೂ ಬಿಚ್ಚಿ ಬಣ್ಣ ಹೊಡೆದಿರುವುದಿಲ್ಲ. ಈ ಹಂತ ನಿಂತಿರುವುದು ಆ ನಂಬಿಕೆಯ ಮೇಲೆ. ಡ್ಯಾಶ್‌ಬೋರ್ಡಿನ ಹಿಂಬದಿ, ಮೀಟರುಗಳನ್ನು ಹೊರತೆಗೆದಾಗ ಕಾಣುವ ವೃತ್ತದ ಅಂಚು, ಗ್ಲೋವ್ ಬಾಕ್ಸಿನ ಒಳಮೈ, ವಿಂಡ್‌ಶೀಲ್ಡ್ ಮತ್ತು ಬಾನೆಟ್ ಹಿಂಜ್‌ಗಳ ಅಡಿ, ಹಿಂದಿನ ಲ್ಯಾಂಪ್‌ಗಳ ಹಿಂಬದಿ, ಸ್ಟೆಪ್ನಿ ಬ್ರಾಕೆಟ್ಟಿನ ಕೆಳಗೆ, ಬಾಡಿ ಚಾಸಿಸ್ ಮೇಲೆ ಕೂರುವ ಬೋಲ್ಟುಗಳ ಸುತ್ತ, ಟೂಲ್ ಬಾಕ್ಸಿನ ಒಳಗೆ ಈ ಕ್ರಮದಲ್ಲಿ ನೋಡುತ್ತ ಹೋಗಿ.

ಯುದ್ಧಕಾಲದ ಜೀಪಿನಲ್ಲಿ ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲೆ ಲೋಹದ ಫಲಕಗಳಿರುತ್ತವೆ. ಅವುಗಳಲ್ಲೊಂದರಲ್ಲಿ ವಾಹನವನ್ನು ಸೇನೆಗೆ ಒಪ್ಪಿಸಿದ ದಿನಾಂಕ ಒತ್ತಿರುತ್ತದೆ. ಫಲಕವನ್ನು ಸುಲಭವಾಗಿ ಬಿಚ್ಚಲು ಬಂದರೆ ಅದರ ಹಿಂದೆ ಬಿಸಿಲನ್ನೇ ಕಾಣದ ಬಣ್ಣ ಸಿಗುತ್ತದೆ, ಬಿಚ್ಚಲು ಬಾರದಿದ್ದರೆ ಡ್ರಿಲ್ ಹಿಡಿಯಬೇಡಿ. ಫಲಕವೂ ನಕಲಿಯಾಗಿರಬಹುದು, ಬೇರೆ ಜೀಪಿನದಾಗಿರಬಹುದು. ಆದ್ದರಿಂದ ದಿನಾಂಕವನ್ನು ಚಾಸಿಸ್ ನಂಬರಿನೊಂದಿಗೆ ತಾಳೆ ನೋಡದೆ ನಂಬುವುದು ಸರಿಯಲ್ಲ.

ಸಿಕ್ಕ ಪ್ರತಿ ಜಾಗವನ್ನೂ ಬೆಳಗಿನ ನೆರಳಿನ ಬೆಳಕಿನಲ್ಲಿ, ಪಕ್ಕದಲ್ಲಿ ಬೂದುಬಣ್ಣದ ಕಾರ್ಡೊಂದನ್ನು ಇಟ್ಟು ಫೋಟೊ ತೆಗೆಯಿರಿ. ಮೊಬೈಲ್ ಕ್ಯಾಮೆರಾ ಹಸಿರನ್ನು ತನಗೆ ತೋಚಿದಂತೆ ಬದಲಿಸುತ್ತದೆ. ಕಾರ್ಡ್ ಇದ್ದರೆ ಆ ವ್ಯತ್ಯಾಸವನ್ನು ಆಮೇಲೆ ಸರಿಪಡಿಸಲು ಬರುತ್ತದೆ.

ಹಂತ 5: ಕಿಂಡಿ ತೆರೆದು ಪದರಗಳನ್ನು ಓದುವುದು

ಎದ್ದು ಕಾಣದ ಮೂರು ಜಾಗಗಳನ್ನು ಆರಿಸಿಕೊಳ್ಳಿ. ಒಂದು ಟಬ್ಬಿನ (ಸೀಟುಗಳಿರುವ ತೊಟ್ಟಿಯಾಕಾರದ ಬಾಡಿಯ) ಹಿಂಭಾಗ, ಒಂದು ಮಡ್‌ಗಾರ್ಡಿನ ಒಳ ಅಂಚು, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಭಾಗ. ಪ್ರತಿ ಜಾಗದಲ್ಲೂ ಹತ್ತು ರೂಪಾಯಿ ನಾಣ್ಯದಷ್ಟು ಅಗಲದಲ್ಲಿ 600 ನಂಬರಿನ ಪೇಪರಿನಿಂದ ನೀರು ಹಾಕುತ್ತ, ಬೆರಳಿನಿಂದಲೇ ವೃತ್ತಾಕಾರದಲ್ಲಿ ಉಜ್ಜಿ. ನಡುವೆ ತಗಡು ಕಾಣಿಸಿದ ಕೂಡಲೇ 1000, 1500, 2000 ಹೀಗೆ ನಯಗೊಳಿಸುತ್ತ ಬನ್ನಿ. ಆಗ ದಿಮ್ಮಿಯ ಅಡ್ಡಕೊಯ್ತದಲ್ಲಿ ಕಾಣುವ ಉಂಗುರಗಳಂತೆ ಪ್ರತಿ ಪದರವೂ ತನ್ನದೇ ವೃತ್ತವಾಗಿ ಕಾಣಿಸುತ್ತದೆ. ಒಂದು ಕಿಂಡಿಯನ್ನಷ್ಟೇ ನೋಡಿ ತೀರ್ಮಾನಿಸುವುದು ದೊಡ್ಡ ತಪ್ಪು. ಬಾಡಿಯ ಹಿಂದಿನ ತಗಡು ಬೇರೊಂದು ಜೀಪಿನಿಂದ ಬಂದಿರುವುದು, ಬಾನೆಟ್ ಬದಲಾಗಿರುವುದು ನಮ್ಮಲ್ಲಿ ಅಪರೂಪವೇನಲ್ಲ.

ಉಂಗುರಗಳನ್ನು ಒಳಗಿನಿಂದ ಹೊರಗೆ ಓದಬೇಕು. ತಗಡನ್ನು ಅಂಟಿಕೊಂಡಿರುವ ತೆಳುವಾದ, ಒಂದೇ ದಪ್ಪದ ಪ್ರೈಮರ್ ಮತ್ತು ಅದರ ಮೇಲೆ ಅಷ್ಟೇ ಸಮವಾದ ಬಣ್ಣ ಮೂರೂ ಕಿಂಡಿಗಳಲ್ಲಿ ಒಂದೇ ರೀತಿ ಕಂಡರೆ ಅದು ಕಾರ್ಖಾನೆಯದ್ದೆಂದು ತಾತ್ಕಾಲಿಕವಾಗಿ ಒಪ್ಪಿಕೊಳ್ಳಬಹುದು. ಎರಡು ಬಣ್ಣಗಳ ನಡುವೆ ದಪ್ಪನೆಯ ರೆಡ್ ಆಕ್ಸೈಡ್ ಅಥವಾ ಬೂದು ಪುಟ್ಟಿ ಬಂದರೆ ಅಲ್ಲಿಂದ ಮೇಲಿನದ್ದೆಲ್ಲ ಗ್ಯಾರೇಜಿನ ಕೆಲಸ. ಪುಟ್ಟಿ ನೇರವಾಗಿ ತಗಡಿನ ಮೇಲೇ ಕೂತಿದ್ದರೆ ಆ ಭಾಗದಲ್ಲಿ ಟಿಂಕರಿಂಗ್ ಆಗಿದೆ, ಮೂಲ ಬಣ್ಣ ಅಲ್ಲಿ ಉಳಿದಿಲ್ಲ. ಎರಡು ಬಣ್ಣಗಳ ನಡುವೆ ಕೂದಲೆಳೆಯಷ್ಟು ಕೊಳೆಯ ಗೆರೆ ಕಂಡರೆ ಸಂತೋಷಪಡಿ: ಮೇಲಿನ ಬಣ್ಣವನ್ನು ಸರಿಯಾಗಿ ಉಜ್ಜದೆ ಹೊಡೆದಿದ್ದಾರೆ, ಅದು ಬ್ಲೇಡಿಗೆ ಸಲೀಸಾಗಿ ಏಳುತ್ತದೆ.

ಇನ್ನೊಂದು ಬಲೆಯಿದೆ. ಯುದ್ಧಕಾಲದ ಜೀಪುಗಳನ್ನು ಸೇನೆಯ ಡಿಪೋಗಳೇ ದುರಸ್ತಿ ಮಾಡಿ ಮತ್ತೆ ಬಣ್ಣ ಹೊಡೆದಿರುವುದುಂಟು. ಹೀಗಾಗಿ ಹಸಿರಿನ ಕೆಳಗೆ ಹಸಿರು ಸಿಗುತ್ತದೆ. ಕಾರ್ಖಾನೆಯ ಆಲಿವ್ ಡ್ರ್ಯಾಬ್ ಹೊಳಪಿಲ್ಲದ ಎನಾಮೆಲ್. ಭೂತಗನ್ನಡಿಯಲ್ಲಿ ಅದರ ಮೈ ಒಣ ಸುಣ್ಣದ ಗೋಡೆಯಂತೆ ಮಂಕಾಗಿ ಕಾಣುತ್ತದೆ. ಅದರ ಮೇಲಿನ ಹಸಿರು ಅರೆಹೊಳಪಿನದ್ದಾಗಿದ್ದರೆ ಬಹುಪಾಲು ಯುದ್ಧಾನಂತರದ್ದು. ಈಗ ಅಂಗಡಿಗಳಲ್ಲಿ ಕೇಳುವ ಎಫ್‌ಎಸ್ 595 ಎಂಬ ಅಮೆರಿಕನ್ ಸರ್ಕಾರದ ಬಣ್ಣಪಟ್ಟಿಯ ನಂಬರುಗಳಲ್ಲಿ ಮೊದಲ ಅಂಕಿ 1 ಆದರೆ ಹೊಳಪು, 2 ಆದರೆ ಅರೆಹೊಳಪು, 3 ಆದರೆ ಮಂಕು ಎಂದರ್ಥ. ಆದರೆ ಆ ಪಟ್ಟಿ ಹೊರಬಂದದ್ದೇ 1956ರಲ್ಲಿ. 1943ರ ಜೀಪಿಗೆ ಆ ನಂಬರನ್ನು ಅಧಿಕೃತವೆಂದು ಹಚ್ಚುವುದರಲ್ಲಿ ಅರ್ಥವಿಲ್ಲ, ಹತ್ತಿರದ ಛಾಯೆಯೆಂದು ಬೇಕಾದರೆ ಬಳಸಬಹುದು.

ಹಂತ 6: ದ್ರಾವಕ ಪರೀಕ್ಷೆ

ಕಿಂಡಿಯ ಪ್ರತಿ ಉಂಗುರದ ಮೇಲೂ ಕಿವಿಕಡ್ಡಿಯಿಂದ ಮೊದಲು ಟರ್ಪೆಂಟೈನ್, ನಂತರ ಆಲ್ಕೊಹಾಲ್, ಕೊನೆಗೆ ಎನ್‌ಸಿ ಥಿನ್ನರ್ ತಾಗಿಸಿ, ಮೊದಲೆರಡಕ್ಕೆ 30 ಸೆಕೆಂಡು, ಥಿನ್ನರಿಗೆ ಒಂದೆರಡು ನಿಮಿಷ ಕಾಯಿರಿ. ಈ ಅನುಕ್ರಮ ತಿರುವುಮುರುವಾಗಬಾರದು. ಥಿನ್ನರಿಗೆ ಬಣ್ಣ ಕರಗಿ ಹತ್ತಿಗೆ ಹತ್ತಿದರೆ ಅದು ನಮ್ಮ ಪೇಂಟರುಗಳು ಡ್ಯೂಕೊ ಎನ್ನುವ ನೈಟ್ರೊಸೆಲ್ಯುಲೋಸ್ ಬಣ್ಣ. ಕರಗದೆ ಒಂದೆರಡು ನಿಮಿಷದಲ್ಲಿ ಹಪ್ಪಳದಂತೆ ಸುಕ್ಕಾಗಿ ಎದ್ದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಈಚಿನ ಪಿಯು (ಪಾಲಿಯುರೆಥೇನ್) ಬಣ್ಣ ಇರಬಹುದು, ಇಲ್ಲವೇ ಚೆನ್ನಾಗಿ ಹಣ್ಣಾದ ಬಹಳ ಹಳೆಯ ಎನಾಮೆಲ್ ಇರಬಹುದು.

ಮುಂದಿನ ದಾರಿಯನ್ನು ನಿರ್ಧರಿಸುವುದು ಈ ಪರೀಕ್ಷೆಯೇ. ಮೇಲೆ ಡ್ಯೂಕೊ, ಕೆಳಗೆ ಕಾರ್ಖಾನೆಯ ಎನಾಮೆಲ್ ಇದ್ದರೆ ಅದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ. ಮೇಲೂ ಎನಾಮೆಲ್, ಕೆಳಗೂ ಎನಾಮೆಲ್ ಇದ್ದರೆ ದ್ರಾವಕವನ್ನು ಮರೆತು ಬ್ಲೇಡ್ ಮತ್ತು ಪೇಪರನ್ನೇ ನೆಚ್ಚಿಕೊಳ್ಳಬೇಕು.

ಹಂತ 7: ಮೇಲಿನ ಪದರಗಳನ್ನು ತೆಗೆಯುವುದು

ಕೆಲಸವನ್ನು ಆರು ಇಂಚಿನ ಚೌಕಗಳಾಗಿ ಟೇಪಿನಿಂದ ಗುರುತಿಸಿ, ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಬೇಡಿ. ಟಬ್ಬಿನ ಹಿಂಭಾಗದಿಂದ ಪ್ರಾರಂಭಿಸಿ, ಪಕ್ಕದ ಫಲಕಗಳನ್ನು ಮುಗಿಸಿ, ಮಡ್‌ಗಾರ್ಡಿಗೆ ಬಂದು, ಬಾನೆಟ್ಟನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಬಾನೆಟ್ಟಿಗೆ ಬರುವ ಹೊತ್ತಿಗೆ ಕೈ ಪಳಗಿರುತ್ತದೆ. ಅದರ ಅಗತ್ಯ ಏಕೆಂದು ಮುಂದಿನ ಹಂತದಲ್ಲಿ ತಿಳಿಯುತ್ತದೆ. ಅಂಚು, ಮಡಿಕೆ, ಬೋಲ್ಟಿನ ತಲೆ ಇವುಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲೆಲ್ಲ ಮೊದಲೇ ಎರಡು ಸುತ್ತು ಟೇಪ್ ಅಂಟಿಸಿ, ಸಮತಟ್ಟಾದ ಭಾಗ ಮುಗಿದ ಮೇಲೆ ಟೇಪ್ ತೆಗೆದು ಬೆರಳಿನಿಂದಷ್ಟೇ ಉಜ್ಜಿ.

ಡ್ಯೂಕೊ ಪದರಕ್ಕೆ ಥಿನ್ನರ್ ತೊಯ್ದ ಬಟ್ಟೆಯನ್ನು ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ಬಟ್ಟೆಯ ಪ್ರತಿ ಮಡಿಕೆಯನ್ನೂ ಒಂದೇ ಸಲ ಬಳಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ. ಬೇಗ ಮುಗಿಸುವ ಆಸೆಯಿಂದ ಬಟ್ಟೆಯನ್ನು ಬಣ್ಣದ ಮೇಲೆ ನೆನೆಯಿಟ್ಟರೆ ಥಿನ್ನರ್ ಕೆಳಗಿನ ಎನಾಮೆಲಿಗೂ ಇಳಿದು ಅದೂ ಏಳುತ್ತದೆ. ಹಾಗೆ ಮೆತ್ತಗಾದ ಜಾಗವನ್ನು ಮುಟ್ಟದೆ ಒಂದು ದಿನ ಒಣಗಲು ಬಿಟ್ಟರೆ ಬಹುಮಟ್ಟಿಗೆ ಮತ್ತೆ ಗಟ್ಟಿಯಾಗುತ್ತದೆ.

ಬ್ಲೇಡ್ ಕೆಲಸಕ್ಕೆ ಸೋಪಿನ ನೀರು ಹಚ್ಚಿ, ಬ್ಲೇಡನ್ನು ತಗಡಿಗೆ ಬಹುತೇಕ ಮಲಗಿಸಿ, ಕಿಂಡಿಯ ಅಂಚಿನಿಂದ ಹೊರಕ್ಕೆ ನೂಕಬೇಕು. ಬ್ಲೇಡಿನ ಎರಡು ಮೂಲೆಗಳನ್ನು ಎಣ್ಣೆಕಲ್ಲಿನ ಮೇಲೆ ತುಸು ಉರುಟು ಮಾಡಿಕೊಂಡರೆ ಗೀರು ಬೀಳುವುದಿಲ್ಲ. ಬಣ್ಣ ಹಲಸಿನ ಹಣ್ಣಿನ ತೊಳೆ ಬಿಡಿಸಿದಂತೆ ಪಟ್ಟಿಯಾಗಿ ಏಳದೆ ಪುಡಿಯಾಗಿ ಉದುರುತ್ತಿದ್ದರೆ ಬ್ಲೇಡ್ ಬಿಟ್ಟು ಪೇಪರ್ ಹಿಡಿಯಿರಿ: ಮೇಲಿನ ಪದರದ ಬಹುಭಾಗ ಹೋಗುವವರೆಗೆ 800, ಅದರ ಕೊನೆಯ ಮಂಜಿನಂಥ ಪೊರೆ ಉಳಿದಾಗ 1500. ಈ ಬದಲಾವಣೆಯನ್ನು ತಡಮಾಡುವವರೇ ಹೆಚ್ಚು, ಸೋಲುವುದೂ ಅಲ್ಲೇ.

ಎಚ್ಚರಿಕೆಯ ಚಿಹ್ನೆ ಕಣ್ಣಿಗಿಂತ ಮೊದಲು ರಾಡಿಯಲ್ಲಿ ಕಾಣುತ್ತದೆ. ನೀಲಿ ಬಣ್ಣವನ್ನು ಉಜ್ಜುತ್ತಿರುವಾಗ ನೀಲಿಯಾಗಿದ್ದ ರಾಡಿ ಹಸಿರಿಗೆ ತಿರುಗಿತೆಂದರೆ ನೀವು ಆಗಲೇ ಮೂಲ ಬಣ್ಣವನ್ನು ಸವೆಸುತ್ತಿದ್ದೀರಿ. ಅಲ್ಲೇ ನಿಲ್ಲಿಸಿ, ಒರೆಸಿ, ನೋಡಿ. ರಾಡಿ ಇಟ್ಟಿಗೆ ಬಣ್ಣಕ್ಕೆ ಬಂದರೆ ಪ್ರೈಮರ್ ಮುಟ್ಟಿಯಾಯಿತು. ನನ್ನ ಮೊದಲ ಜೀಪಿನ ಎಡ ಮಡ್‌ಗಾರ್ಡನ್ನು ನಾನು ಸಂಜೆ ಬಲ್ಬಿನ ಬೆಳಕಿನಲ್ಲಿ ಉಜ್ಜಿ ಹಾಳುಮಾಡಿದೆ. ಹಳದಿ ಬೆಳಕಿನಲ್ಲಿ ಎರಡು ಹಸಿರುಗಳ ವ್ಯತ್ಯಾಸವೇ ಕಂಡಿರಲಿಲ್ಲ. ಹಗಲಿನಲ್ಲಿ ಮಾತ್ರ ಉಜ್ಜಿ.

ಕೊನೆಯ ಪೊರೆಯ ಚುಕ್ಕೆಗಳು ಅಲ್ಲಲ್ಲಿ ಉಳಿದರೆ ಉಳಿಯಲಿ. ಅವನ್ನೂ ಅಳಿಸಿ ಏಕಬಣ್ಣ ಮಾಡಲು ಹೊರಟರೆ ಅವುಗಳ ಸುತ್ತಲಿನ ಮೂಲ ಬಣ್ಣ ಹೋಗುತ್ತದೆ.

ಹಂತ 8: ಬಾನೆಟ್ಟಿನ ಬರಹ

ಎಂಬಿ ಅಥವಾ ಜಿಪಿಡಬ್ಲ್ಯು ಜೀಪಿನ ಬಾನೆಟ್ಟಿನ ಎರಡೂ ಬದಿಗಳಲ್ಲಿ ಅಮೆರಿಕನ್ ಸೇನೆಯ ನೋಂದಣಿ ಸಂಖ್ಯೆ ಬರೆದಿರುತ್ತಿತ್ತು. ಕಾಲು ಟನ್ನಿನ ಜೀಪುಗಳ ಸಂಖ್ಯೆ 20ರಿಂದ ಪ್ರಾರಂಭವಾಗುತ್ತದೆ. ಮೊದಲಿನ ವರ್ಷಗಳಲ್ಲಿ ಈ ಬರಹ ಹಸಿರಿನ ಮೇಲೆ ಕಷ್ಟದಿಂದ ಕಾಣುವ ಮಂಕು ನೀಲಿಯಲ್ಲಿತ್ತು, ಆಮೇಲೆ ಬಿಳಿಗೆ ಬದಲಾಯಿತು. ಬರಹದ ಪೊರೆ ಅತ್ಯಂತ ತೆಳು. 800 ನಂಬರಿನ ಪೇಪರಿನ ನಾಲ್ಕು ಎಳೆತಕ್ಕೆ ಅದು ಮಾಯವಾಗುತ್ತದೆ.

ಆದ್ದರಿಂದ ಇಲ್ಲಿ ಬ್ಲೇಡ್ ಬೇಡ, ಬ್ಲಾಕ್ ಬೇಡ. 1500 ನಂಬರಿನ ಪೇಪರನ್ನು ಬೆರಳಿಗೆ ಸುತ್ತಿ ಒಂದು ಚದರ ಇಂಚಿನಂತೆ ಸಾಗಿ. ಟಾರ್ಚನ್ನು ಬಾನೆಟ್ಟಿಗೆ ಸಮಾನಾಂತರವಾಗಿ ಹಿಡಿದರೆ ಅಕ್ಷರಗಳ ಅಂಚು ಉಬ್ಬಿದ ಗೆರೆಯಾಗಿ ಮೊದಲೇ ಕಾಣಿಸುತ್ತದೆ. ಒಂದರ ಮೇಲೊಂದು ಎರಡು ಸಂಖ್ಯೆಗಳು ಸಿಕ್ಕರೆ ಮೇಲಿನದ್ದರ ಫೋಟೊ ತೆಗೆದು, ಟ್ರೇಸಿಂಗ್ ಕಾಗದದ ಮೇಲೆ ಅಳತೆ ಸಮೇತ ಬರೆದುಕೊಂಡು ಅಲ್ಲಿಗೇ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಕೆಳಗಿನದ್ದಕ್ಕಾಗಿ ಮೇಲಿನದ್ದನ್ನು ಅಳಿಸಿ ಎರಡನ್ನೂ ಕಳೆದುಕೊಂಡವರಿದ್ದಾರೆ.

ಹಂತ 9: ತುಕ್ಕು

ತುಕ್ಕು ಇರುವಲ್ಲಿ ಮಾತ್ರ, ಸಣ್ಣ ಕುಂಚದಿಂದ ಚಿಕಿತ್ಸೆ ಮಾಡಿ. ಸಡಿಲ ತುಕ್ಕನ್ನು ಹಿತ್ತಾಳೆ ಬ್ರಷ್‌ನಿಂದ ತೆಗೆಯಿರಿ. ಸ್ಟೀಲ್ ವುಲ್ ಬಳಸಿದರೆ ಅದರ ಚೂರುಗಳೇ ಮುಂದಿನ ಮಳೆಗಾಲದಲ್ಲಿ ಹೊಸ ತುಕ್ಕಾಗುತ್ತವೆ. ಟ್ಯಾನಿಕ್ ಆಮ್ಲದ ದ್ರಾವಣ ತುಕ್ಕನ್ನು ಕಪ್ಪಗೆ ಮಾಡಿ ನಿಲ್ಲಿಸುತ್ತದೆ ಮತ್ತು ಮಂಕು ಹಸಿರಿನ ನಡುವೆ ಆ ಕಪ್ಪು ಕಣ್ಣಿಗೆ ಹೊಡೆಯುವುದಿಲ್ಲ. ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಸುತ್ತಲಿನ ಬಣ್ಣದ ಅಂಚಿನ ಅಡಿಗೆ ನುಸುಳಿ ಅದನ್ನು ಎಬ್ಬಿಸುವುದರಿಂದ ಇಲ್ಲಿ ಬೇಡ.

ಹಂತ 10: ಇಲ್ಲದ ಜಾಗಕ್ಕೆ ಬಣ್ಣ ಹೊಂದಿಸುವುದು

ಪುಟ್ಟಿ ತುಂಬಿದ ಅಥವಾ ಹೊಸ ತಗಡು ಹಾಕಿದ ಭಾಗಗಳಿಗೆ ಬಣ್ಣ ಹೊಡೆಯಲೇಬೇಕಾಗುತ್ತದೆ. ಇಲ್ಲಿ ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂಬ ಗೊಂದಲ ಸಹಜ. ಇಡೀ ವಾಹನಕ್ಕೆ ಹೊಸದಾಗಿ ಹೊಡೆಯುವುದಾದರೆ ಗ್ಲೋವ್ ಬಾಕ್ಸಿನ ಲೋಹದ ಫಲಕದ ಅಡಿಯ ಮಾಸದ ಬಣ್ಣ. ತೇಪೆ ಹಾಕುವುದಾದರೆ ಆ ತೇಪೆಯ ಪಕ್ಕದ ಮಾಸಿದ ಬಣ್ಣವೇ ಮಾದರಿ. ಕತ್ತಲೆಯಲ್ಲಿದ್ದ ಎನಾಮೆಲ್ ಕಾಲಕ್ರಮೇಣ ಹಳದಿಗೆ ತಿರುಗಿರುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಹಿಂದಿನ ಮಾದರಿಯನ್ನು ತೆಗೆದ ದಿನವೇ ಅಳೆಯದೆ, ಕೆಲವು ದಿನ ಕಿಟಕಿಯ ಬೆಳಕಿಗೆ ಒಡ್ಡಿ, ಹಳದಿ ಇಳಿದ ಮೇಲೆ ಅಳೆಯುವುದು ಸರಿ.

ಸ್ಪೆಕ್ಟ್ರೊಫೋಟೊಮೀಟರ್ ಇರುವ ಬಣ್ಣದ ಅಂಗಡಿಯಲ್ಲಿ ಮೂರು ಜಾಗ ಅಳೆಸಿ, ಬೆರೆಸಿದ ಬಣ್ಣವನ್ನು ಬೇರೆ ತಗಡಿನ ಮೇಲೆ ಹೊಡೆದು ಒಣಗಿಸಿ, ಬಿಸಿಲು, ನೆರಳು, ಟ್ಯೂಬ್‌ಲೈಟ್ ಮೂರರಲ್ಲೂ ಜೀಪಿನ ಪಕ್ಕ ಹಿಡಿದು ನೋಡಿ. ಒಂದರಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗಿ ಕಂಡರೆ ಬೆರಕೆಯ ಪಿಗ್ಮೆಂಟ್ ಬೇರೆ ಎಂದರ್ಥ; ಅದನ್ನು ಒಪ್ಪಿಕೊಳ್ಳಬೇಡಿ. ಛಾಯೆ ಸರಿಯಿದ್ದೂ ಹೊಳಪು ಹೆಚ್ಚಾದರೆ ತೇಪೆ ದೂರದಿಂದಲೇ ಕಾಣುತ್ತದೆ, ಆದ್ದರಿಂದ ಹೊಳಪು ತಗ್ಗಿಸುವ ಮ್ಯಾಟಿಂಗ್ ಬೇಸಿನ ಪ್ರಮಾಣವನ್ನೂ ತಗಡಿನ ಮೇಲೇ ಪರೀಕ್ಷಿಸಿ.

ಹಂತ 11: ಕಾಪಾಡುವುದು

ಮಂಕು ಬಣ್ಣಕ್ಕೆ ರಬ್ಬಿಂಗ್ ಕಂಪೌಂಡ್ ಹಾಕಿದರೆ ಅದರ ಮೈ ಪಾಲಿಶ್ ಆಗಿ ಶಾಶ್ವತವಾಗಿ ಕಲೆಕಲೆಯಾಗಿ ಹೊಳೆಯುತ್ತದೆ. ಸಿಜೆ ಮಾದರಿಗಳ ಹೊಳಪಿನ ಎನಾಮೆಲಿಗೆ ನಯವಾದ ಕಂಪೌಂಡನ್ನು ಕೈಯಿಂದ ಒಮ್ಮೆ ಹಾಕಬಹುದು. ಬಫಿಂಗ್ ಯಂತ್ರ ಅದಕ್ಕೂ ಬೇಡ. ಅಗಸೆ ಎಣ್ಣೆ ಹಚ್ಚುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮೊದಲ ವಾರ ಅದು ಸುಂದರವಾಗಿಯೇ ಕಾಣುತ್ತದೆ, ನಂತರ ಕಪ್ಪಾಗುತ್ತದೆ, ನಮ್ಮ ತೇವದಲ್ಲಿ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವೂ ಇದೆ.

ಮೈಕ್ರೊಕ್ರಿಸ್ಟಲೈನ್ ವ್ಯಾಕ್ಸನ್ನು ತೀರಾ ತೆಳುವಾಗಿ ಹಚ್ಚಿ ಬಟ್ಟೆಯಿಂದ ಒರೆಸುವುದು ಸಾಕು. ಅದೂ ಬಣ್ಣವನ್ನು ತುಸು ಗಾಢವಾಗಿಸುತ್ತದೆ, ಹೀಗಾಗಿ ಮೊದಲು ಮಡ್‌ಗಾರ್ಡಿನ ಒಳಭಾಗದಲ್ಲಿ ಪರೀಕ್ಷಿಸಿ ಮೂರು ದಿನ ಬಿಟ್ಟು ನೋಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲನ್ನು ನೇರವಾಗಿ ಮೈಮೇಲೆ ಹೊದಿಸಬೇಡಿ. ಒಳಗೆ ಬೆವರಿದ ನೀರು ಒಂದೇ ತಿಂಗಳಲ್ಲಿ ಹಳೆಯ ಎನಾಮೆಲನ್ನು ಬೊಬ್ಬೆ ಏಳಿಸುತ್ತದೆ. ಗಾಳಿಯಾಡುವ ಶೆಡ್ಡಿನಲ್ಲಿ ಹತ್ತಿಬಟ್ಟೆ ಹೊದಿಸಿ ನಿಲ್ಲಿಸಿ, ಮಳೆ ಬಿಟ್ಟ ದಿನ ಹೊದಿಕೆ ತೆಗೆದು ಬಾನೆಟ್ ಎತ್ತಿಡಿ.